ತಟ್ಟೆ ದಾಟಿಸಿದವಳು

"ಈ ಮೆಷಿನ್ ಸುಳ್ಳು ಹೇಳುತ್ತೆ."

ಅಷ್ಟು ಹೇಳಿ ಅವಳು, ನಿಂತು ತೂಕ ನೋಡಿಕೊಳ್ಳುವ ಗಾಜಿನ ಮೆಷಿನ್ನನ್ನು ಮೇಜಿನ ಮೇಲೆ ದಡಕ್ಕನೆ ಇಟ್ಟಳು. ಅಲ್ಲಿ ಬಿಚ್ಚಿಟ್ಟಿದ್ದ ಪುಟ್ಟ ಸ್ಕ್ರೂಗಳು ದಿಕ್ಕಾಪಾಲಾಗಿ ಉರುಳಿದವು.

ತಕ್ಕಡಿ ರಿಪೇರಿಯವನು ತಲೆಯೆತ್ತಿದ. ಅಂಗಡಿಯ ತುಂಬ ತೂಗುವ ಸಾಮಾನುಗಳೇ. ತರಕಾರಿಯವರದು, ಔಷಧಿ ಅಂಗಡಿಯದು, ಮೂಟೆ ತೂಗುವ ಕಬ್ಬಿಣದ್ದು. ಅವನು ಈ ಬೀದಿಗೆ ಬಂದು ನಾಲ್ಕು ತಿಂಗಳಾಗಿತ್ತು. ಅವನ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಎಲ್ಲರಿಗೂ ಅವನು ತಕ್ಕಡಿಯವನು.

"ಜಾಸ್ತಿ ತೋರಿಸುತ್ತಾ, ಕಮ್ಮಿ ತೋರಿಸುತ್ತಾ?"

"ಜಾಸ್ತಿ. ಹತ್ತೊಂಬತ್ತು ದಿನದಿಂದ ಒಂದೇ ಅಂಕಿ ಹಿಡ್ಕೊಂಡು ಕೂತಿದೆ. ಒಂದು ಗ್ರಾಂ ಕೂಡ ಇಳೀತಿಲ್ಲ."

ಅವಳ ದನಿ ನಡುಗಿತು. ಬೆಳಗಿನಿಂದ ಅವಳ ಹೊಟ್ಟೆಗೆ ಬಿದ್ದಿದ್ದು ಒಂದು ಲೋಟ ನಿಂಬೆ ನೀರು ಮತ್ತು ಅರ್ಧ ಸೌತೆಕಾಯಿ.

ಅವನು ಎದ್ದು ಮೂಲೆಯಿಂದ ಕಬ್ಬಿಣದ ತೂಕದ ಬಟ್ಟುಗಳನ್ನು ತಂದ. ಇಪ್ಪತ್ತು ಕೆಜಿಯವು ಎರಡು, ಹತ್ತರದ್ದು ಒಂದು. ಒಂದೊಂದಾಗಿ ಮೆಷಿನ್ ಮೇಲೆ ಇಟ್ಟ. ಐವತ್ತು ಅಂತ ತೋರಿಸಿತು. ತೆಗೆದು ಮತ್ತೆ ಇಟ್ಟ. ಮತ್ತೆ ಐವತ್ತು.

"ಮೆಷಿನ್ ಸರಿಯಾಗೇ ಇದೆ," ಅಂದ ನಗುತ್ತಾ. "ಸುಳ್ಳು ಹೇಳ್ತಿರೋದು ಇದರ ಮೇಲೆ ನಿಲ್ಲೋವರು."

ಅವನ ತಂದೆಯ ಕಾಲದಿಂದ ಬಂದ ಜೋಕು ಅದು. ತಕ್ಕಡಿ ಕೆಟ್ಟಿದೆ ಅಂತ ಬರುವ ವ್ಯಾಪಾರಿಗಳಿಗೆಲ್ಲ ‘ಸುಳ್ಳು ಹೇಳ್ತಿರೋದು ಇದರ ಹಿಂದೆ ನಿಲ್ಲೋವರು’ ಅನ್ನುವುದು, ಅವರೂ ನಕ್ಕು ಹೋಗುವುದು ವಾಡಿಕೆ. ಅಭ್ಯಾಸಬಲದಿಂದ ಬಾಯಿಗೆ ಬಂತು. ಎದುರಿಗಿರುವುದು ವ್ಯಾಪಾರಿಯಲ್ಲ ಅಂತ ಅವನಿಗೆ ಹೊಳೆಯುವ ಹೊತ್ತಿಗೆ ಮಾತು ಆಡಿ ಆಗಿತ್ತು.

"ಅಂದ್ರೆ... ನಾನು ಕದ್ದು ತಿಂತೀನಿ ಅಂತೀರಾ?"

"ಅಯ್ಯೋ, ಹಾಗಲ್ಲ..."

ಅವಳು ಕೇಳಿಸಿಕೊಳ್ಳಲಿಲ್ಲ. ಮೆಷಿನ್ನನ್ನೂ ಅಲ್ಲೇ ಬಿಟ್ಟು ಬಾಗಿಲು ದಾಟಿ ಹೋದಳು. ಹೋಗುವಾಗ ಕಣ್ಣು ಒರೆಸಿಕೊಂಡದ್ದು ಅವನಿಗೆ ಕಾಣಿಸಿತು.

ಓದುಗರೇ, ಈಗ ನಿಮಗೆ ನಗು ಬರುವ ಒಂದು ವಿಷಯ ಹೇಳಬೇಕು. ಧಾನ್ಯವನ್ನೇ ಮುಟ್ಟುವುದಿಲ್ಲ ಅಂತ ಹಟ ಹಿಡಿದ ಈ ಹುಡುಗಿಯ ಕೆಲಸ ಏನು ಗೊತ್ತೇ? ಬೇಕರಿ. ಬೆಳಗಿನ ಜಾವ ಎದ್ದು ಹಿಟ್ಟು ನಾದಿ, ಬನ್ನು, ಬ್ರೆಡ್ಡು ಸುಟ್ಟು, ಇಡೀ ಬೀದಿಯ ಹೊಟ್ಟೆ ತುಂಬಿಸುವವಳು. ಹೊಟ್ಟೆಗೆ ಹಿಟ್ಟಿಲ್ಲ ಅನ್ನುವ ಗಾದೆಯನ್ನು ಹಿಟ್ಟಿನ ಮೂಟೆಗಳ ನಡುವೆ ನಿಂತು ನಿಜ ಮಾಡುತ್ತಿದ್ದಳು.

ಬೇಕರಿ ಅವಳ ಅಪ್ಪನದು. ಅಪ್ಪ ಹೋಗಿ ಒಂದು ವರ್ಷ. ಈಗ ಅವಳೂ, ಅಪ್ಪನ ಅಕ್ಕ ಅಂದರೆ ಸೋದರತ್ತೆಯೂ ನಡೆಸುತ್ತಿದ್ದರು. ಅಪ್ಪ ಅವಳನ್ನು ಚಿಕ್ಕಂದಿನಿಂದ ‘ಬನ್ನು’ ಅಂತ ಕರೆಯುತ್ತಿದ್ದ. ಒಲೆಯಿಂದ ಆಗಷ್ಟೇ ತೆಗೆದ ಬನ್ನಿನಂಥ ಕೆನ್ನೆ ಅಂತ.

ಮೂರು ವರ್ಷದ ಹಿಂದೆ, ಮದುವೆ ಗೊತ್ತಾಗಿದ್ದ ಹುಡುಗ ಅದೇ ಹೆಸರನ್ನು ಹಿಡಿದುಕೊಂಡ. "ಹೆಸರಿಗೆ ತಕ್ಕ ಹಾಗೇ ಇದೀಯ, ಊದಿದ ಬನ್ನು. ಫೋಟೋದಲ್ಲಿ ನಿನ್ನ ಪಕ್ಕ ನಿಲ್ಲೋಕೆ ನನಗೆ ನಾಚಿಕೆ," ಅಂದು ಸಂಬಂಧ ಮುರಿದುಕೊಂಡು ಹೋದ. ಅವತ್ತಿನಿಂದ ಆ ಹೆಸರು ಯಾರೂ ಕರೆಯಕೂಡದು ಅಂತ ಅವಳ ಆಜ್ಞೆ. ಅತ್ತೆಯೂ ಬಾಯಿ ಮುಚ್ಚಿಕೊಂಡಳು.

ಅವತ್ತಿನಿಂದಲೇ ಶುರುವಾಯಿತು. ಮೊದಲು ಎಲೆಕೋಸಿನ ಸೂಪು. ಆಮೇಲೆ ಬರೀ ಪಪ್ಪಾಯಿ. ಆಮೇಲೆ ಜೇನು ನೀರು. ಪ್ರತಿ ಸಲ ನಾಲ್ಕು ಕೆಜಿ ಇಳಿಯುವುದು, ಐದು ಕೆಜಿ ಏರುವುದು. ಕೊನೆಗೆ ಫೋನಿನಲ್ಲಿ ತೂಕ ಇಳಿಸುವ ಪಾಠ ಹೇಳುವ ಒಬ್ಬ ಕೋಚಕ್ಕ ಸಿಕ್ಕಿದಳು. ಆಕೆಯ ಗುಂಪಿನಲ್ಲಿ ನೂರಾರು ಹೆಂಗಸರು. ಧಾನ್ಯ ಮುಟ್ಟಬಾರದು, ದಿನಾ ಬೆಳಿಗ್ಗೆ ತೂಕದ ಫೋಟೋ ಹಾಕಬೇಕು. ಇಳಿದವರಿಗೆ ಚಪ್ಪಾಳೆ. ಇಳಿಯದವರಿಗೆ ‘ನಿಮ್ಮ ಮನಸ್ಸು ಗಟ್ಟಿ ಇಲ್ಲ’. ಏಳು ತಿಂಗಳಿಂದ ಅವಳು ಗೋಧಿಯ ಒಂದು ಚೂರನ್ನೂ ನಾಲಿಗೆಗೆ ತಾಗಿಸಿರಲಿಲ್ಲ.

ಮನಸ್ಸು ಗಟ್ಟಿ ಇಲ್ಲವಂತೆ! ಅವಳಷ್ಟು ಗಟ್ಟಿ ಮನಸ್ಸಿನವರನ್ನು ನಾನಂತೂ ಕಂಡಿಲ್ಲ. ಆ ಗಟ್ಟಿತನ ಯಾರ ಕೈಯಲ್ಲಿತ್ತು ಅನ್ನುವುದೇ ಪ್ರಶ್ನೆ.

ಆ ತಿಂಗಳ ಮೊದಲ ಭಾನುವಾರ ಅವಳ ಚರ್ಚಿನಲ್ಲಿ ಪ್ರಭುಭೋಜನ, ಅಂದರೆ ಯೇಸುವಿನ ಕೊನೆಯ ಊಟದ ನೆನಪಿಗೆ ಎಲ್ಲರೂ ಒಂದೊಂದು ಚೂರು ರೊಟ್ಟಿ ತಿನ್ನುವ ದಿನ. ಅದರ ರೊಟ್ಟಿ ಮಾಡುತ್ತಿದ್ದದ್ದು ಅಪ್ಪ. ಅಪ್ಪನ ನಂತರ ಅವಳು. ದೊಡ್ಡದೊಂದು ಗುಂಡು ರೊಟ್ಟಿ. ಪಾಸ್ಟರ್ ಅದನ್ನು ಮುರಿದು ಪ್ರಾರ್ಥನೆ ಮಾಡಿದ ಮೇಲೆ ಚೂರುಗಳು ತಟ್ಟೆಯಲ್ಲಿ ಸಾಲಿನಿಂದ ಸಾಲಿಗೆ ಬರುತ್ತವೆ.

ಈ ಚರ್ಚಿನ ಸಭೆಯಲ್ಲಿ ಒಂದು ಹಳೆಯ ರೂಢಿ ಇದೆ. ಯಾರ ಮೇಲಾದರೂ ಮನಸ್ತಾಪ ಇಟ್ಟುಕೊಂಡವರು ತಟ್ಟೆಗೆ ಕೈ ಹಾಕುವುದಿಲ್ಲ. ತಲೆ ತಗ್ಗಿಸಿ ದಾಟಿಸಿಬಿಡುತ್ತಾರೆ. ಮೊದಲು ಹೋಗಿ ಅವರ ಹತ್ತಿರ ರಾಜಿ ಮಾಡಿಕೊಂಡು ಮುಂದಿನ ತಿಂಗಳು ತಿನ್ನಬೇಕು. ಅಣ್ಣತಮ್ಮಂದಿರ ಗೋಡೆ ಜಗಳ, ಅತ್ತೆ ಸೊಸೆಯರ ಮುನಿಸು, ಎಲ್ಲ ಹೀಗೆ ಇತ್ಯರ್ಥವಾದದ್ದುಂಟು. ತಟ್ಟೆ ದಾಟಿಸಿದರೆ ಜಗಳ ಇದೆ ಅಂತಲೇ ಅರ್ಥ.

ಅವಳು ಏಳು ತಿಂಗಳಿಂದ ತಟ್ಟೆ ದಾಟಿಸುತ್ತಿದ್ದಳು. ಬೇಕರಿ ಮುಗಿಸಿ ತಡವಾಗಿ ಬರುವ ನೆಪದಲ್ಲಿ ಕಡೆಯ ಬೆಂಚಿನ ಮೂಲೆಯಲ್ಲಿ ಒಬ್ಬಳೇ ಕೂರುತ್ತಿದ್ದಳು. ಅತ್ತೆಗೆ ಒಂದು ಕಿವಿ ಮಂದ, ಆಕೆಯದು ಮೊದಲ ಸಾಲು. ತಟ್ಟೆ ತರುತ್ತಿದ್ದ ತಾತನಿಗೆ ಕಣ್ಣು ಮಂದ. ಯಾರಿಗೂ ಗೊತ್ತಾಗಿರಲಿಲ್ಲ.

ಆದರೆ ಆ ಭಾನುವಾರ ತಾತನಿಗೆ ಕಣ್ಣಿನ ಆಪರೇಷನ್. ಅವಳ ಮುಂದೆ ತಟ್ಟೆ ಬಂದಾಗ ಅದನ್ನು ಹಿಡಿದ ಕೈಯಲ್ಲಿ ಕಬ್ಬಿಣದ ಕಪ್ಪು ಗುರುತುಗಳಿದ್ದವು. ಅವಳು ಮುಖ ಎತ್ತಿದಳು.

ತಕ್ಕಡಿಯವನು...

‘ಇವನಾ?’

ತಟ್ಟೆಯಲ್ಲಿ ತಾನೇ ನಾದಿದ, ತಾನೇ ಸುಟ್ಟ ರೊಟ್ಟಿ. ಉಗುರಿನಷ್ಟು ಚೂರು. ‘ಒಂದು ಚೂರು ತಿಂದರೆ ಏಳು ತಿಂಗಳ ತಪಸ್ಸು ಹಾಳು’ ಅಂದಿದ್ದಳು ಕೋಚಕ್ಕ. ಅವಳು ತಲೆ ತಗ್ಗಿಸಿ ತಟ್ಟೆಯನ್ನು ಹಿಂದಕ್ಕೆ ಸರಿಸಿದಳು.

ಅವನ ಮುಖ ಬಿಳಿಚಿತು. ಅವನಿಗೆ ಇನ್ನೇನು ಅನ್ನಿಸಬೇಕು ಹೇಳಿ? ‘ನನ್ನ ಮೇಲಿನ ಕೋಪಕ್ಕೆ ಪ್ರಭುವಿನ ರೊಟ್ಟಿಯನ್ನೇ ಬಿಟ್ಟಳಲ್ಲ’ ಅಂತ ಅವನು ನಿಂತಲ್ಲೇ ಕುಗ್ಗಿಹೋದ.

ಮರುದಿನವೇ ಮೆಷಿನ್ನನ್ನು ಪೇಪರಿನಲ್ಲಿ ಸುತ್ತಿಕೊಂಡು ಬೇಕರಿಗೆ ಬಂದ.

"ಅವತ್ತು ನಾನು ಆಡಿದ್ದು ತಪ್ಪು. ಕ್ಷಮಿಸಿ."

"ನನಗೇನೂ ಕೋಪ ಇಲ್ಲ," ಅಂದಳು ಅವಳು. ನಿಜವಾಗಿಯೂ ಇರಲಿಲ್ಲ. ಆದರೆ ಮೂರು ದಿನದಿಂದ ಸರಿಯಾಗಿ ತಿನ್ನದವಳ ದನಿ ಹೇಗಿರುತ್ತೆ? ಕಲ್ಲಿನ ಹಾಗೆ ಬಿತ್ತು ಮಾತು.

ಅತ್ತೆ ಒಳಗಿನಿಂದ ಕೂಗಿದಳು. "ಯಾರೇ ಅದು, ತಕ್ಕಡಿಯವನಾ? ಬಾಪ್ಪಾ ಒಳಗೆ. ನಮ್ಮ ಹಿಟ್ಟಿನ ತಕ್ಕಡಿ ದಿನಕ್ಕೊಂದು ಹೇಳ್ತಿದೆ, ನೋಡು."

ಹಾಗೆ ಅವನು ಬರುವುದು ಶುರುವಾಯಿತು. ಆ ಸೋಮವಾರವೇ ತಕ್ಕಡಿ ನೋಡಿದ. ಬುಧವಾರ ಅದಕ್ಕೊಂದು ಸ್ಪ್ರಿಂಗ್ ತಂದ. ಶುಕ್ರವಾರ ಏನೂ ನೆಪ ಸಿಗದೆ ಒಂದು ಬನ್ನು ಕೊಂಡು ಅಲ್ಲೇ ನಿಂತು ತಿಂದ. ಕಣ್ಣು ಮುಚ್ಚಿಕೊಂಡು, ಒಂದು ಚೂರೂ ಉದುರಿಸದೆ. ತಿನ್ನುವವನನ್ನು ಅವಳು ಕದ್ದು ನೋಡಿದಳು.

"ಇಷ್ಟು ಚೆನ್ನಾಗಿ ಮಾಡ್ತೀರಾ. ನಿಮಗೆ ಹಸಿವಾಗಲ್ವಾ?"

"ಇಲ್ಲ."

ಬಾಯಿ ಮುಚ್ಚುವ ಮೊದಲೇ ಅವಳ ಹೊಟ್ಟೆ ಗೊರ್ ಅಂತ ದೊಡ್ಡದಾಗಿ ಸದ್ದು ಮಾಡಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ.

ಅವನು ತಟ್ಟನೆ ತಕ್ಕಡಿಯ ಕಡೆ ತಿರುಗಿ ಬಗ್ಗಿದ. "ಈ ಮೆಷಿನ್ ಯಾಕೋ ಸದ್ದು ಮಾಡ್ತಿದೆ. ಬಿಚ್ಚಿ ನೋಡಬೇಕು," ಅಂದ, ತುಂಬ ಗಂಭೀರವಾಗಿ. ಆಮೇಲೆ ಕೆಡದೇ ಇದ್ದ ತಕ್ಕಡಿಯನ್ನು ಐದು ನಿಮಿಷ ಹಿಡಿದು ಬಿಚ್ಚಿ ಮತ್ತೆ ಜೋಡಿಸಿದ.

ಅವಳಿಗೆ ನಗು ಬಂತು. ಮೂರು ವರ್ಷದಲ್ಲಿ ಅವಳ ಮೈಯ ವಿಷಯದಲ್ಲಿ ಒಬ್ಬರು ಇಷ್ಟು ಮರ್ಯಾದೆಯಿಂದ ನಡೆದುಕೊಂಡದ್ದು ಅದೇ ಮೊದಲು.

ಇನ್ನೊಂದು ದಿನ ಅವನು ಕೆಲಸ ಮಾಡುತ್ತಾ ಹೇಳಿದ. "ಯಾವ ಮೆಷಿನ್ ಆದ್ರೂ ಮೊದಲು ಸೊನ್ನೆ ನೋಡಬೇಕು. ಮೇಲೆ ಏನೂ ಇಲ್ಲದಾಗ ಅದು ಸೊನ್ನೆ ತೋರಿಸಿದ್ರೆ, ಆಮೇಲೆ ತೋರಿಸೋದನ್ನೆಲ್ಲ ನಂಬಬಹುದು. ಜನ ಸೊನ್ನೆ ನೋಡೋದೇ ಇಲ್ಲ, ಬರೀ ಮೇಲಿನ ಅಂಕಿ ನೋಡಿ ಬಡಿದಾಡ್ತಾರೆ."

ಆ ಮಾತು ಅವಳ ಮನಸ್ಸಿನಲ್ಲಿ ಕೂತಿತು. ಅವನ ಹೆಜ್ಜೆಯ ಸದ್ದಿಗೆ ಕಿವಿ ಕಾಯುವುದು ಅವಳಿಗೇ ಗೊತ್ತಾಗತೊಡಗಿತ್ತು.

ಅಷ್ಟರಲ್ಲಿ ಮತ್ತೆ ಮೊದಲ ಭಾನುವಾರ ಬಂತು.

ತಟ್ಟೆ ಹಿಡಿದು ಬಂದವನ ಕಣ್ಣಲ್ಲಿ ನಿರೀಕ್ಷೆ ಇತ್ತು. ಇಡೀ ತಿಂಗಳು ಮಾತಾಡಿದ್ದಾರೆ, ನಕ್ಕಿದ್ದಾರೆ. ಇವತ್ತು ತಿಂದೇ ತಿನ್ನುತ್ತಾಳೆ ಅಂತ ಅವನಿಗೆ ನಂಬಿಕೆ.

ಅವಳು ಬೆರಳು ಮುಂದೆ ತಂದಳು. ನಿಲ್ಲಿಸಿದಳು. ಬೆಳಿಗ್ಗೆ ಮೆಷಿನ್ ಮುನ್ನೂರು ಗ್ರಾಂ ಜಾಸ್ತಿ ತೋರಿಸಿತ್ತು...

ತಟ್ಟೆಯನ್ನು ದಾಟಿಸಿದಳು.

ಅವನು ಒಂದು ಕ್ಷಣ ಅಲ್ಲೇ ನಿಂತ. ಆಮೇಲೆ ಮುಖ ತಿರುಗಿಸಿಕೊಂಡು ಹೊರಟ. ವಾಡಿಕೆಯಂತೆ ಕೊನೆಗೆ ತಾನೂ ತಿನ್ನಬೇಕಾದ ಚೂರನ್ನು ಮುಟ್ಟದೆ, ತಟ್ಟೆಯನ್ನು ಮೇಜಿನ ಮೇಲಿಟ್ಟು ಹೊರಗೆ ಹೋದ.

ಆಮೇಲೆ ಬೇಕರಿಯ ಕಡೆ ಸುಳಿಯಲಿಲ್ಲ.

ಒಂದು ದಿನ, ಎರಡು ದಿನ, ವಾರ. ‘ಮುಖ ತಿರುಗಿಸಿದ್ದು ನೋಡಿದ್ಯಲ್ಲ,’ ಅಂದುಕೊಂಡಳು ಅವಳು. ‘ಇವನೂ ಅವನ ತರಾನೇ. ಹತ್ತಿರದಿಂದ ನೋಡಿ ಬೇಡ ಅನ್ನಿಸಿರಬೇಕು.’ ಆ ಹಟಕ್ಕೆ ಮೂರು ದಿನ ಬರೀ ಬೇಯಿಸಿದ ಮೊಟ್ಟೆ ತಿಂದಳು. ನಾಲ್ಕನೆಯ ದಿನ ಹಿಟ್ಟು ನಾದುವಾಗ ಕಣ್ಣು ಕತ್ತಲಿಟ್ಟು ಮೂಟೆಗಳ ಮೇಲೆ ಕುಸಿದಳು.

ಅತ್ತೆ ನೀರು ಚಿಮುಕಿಸಿ ಎಬ್ಬಿಸಿದಳು. ಬೈಯಲಿಲ್ಲ. ಅತ್ತೆ ಬೈಯದೇ ಇದ್ದದ್ದು ನೋಡಿ ಅವಳಿಗೆ ಹೆದರಿಕೆಯಾಯಿತು.

ಅದೇ ಸಂಜೆ ಬ್ರೆಡ್ಡಿಗೆ ಬಂದ ಪಾಸ್ಟರಮ್ಮ ಗಲ್ಲಾ ಪೆಟ್ಟಿಗೆಯ ಪಕ್ಕ ನಿಂತು ದನಿ ತಗ್ಗಿಸಿದರು. "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಮ್ಮ. ತಕ್ಕಡಿಯವನ ಮೇಲೆ ನಿನಗೆ ಅಷ್ಟು ಕೋಪ ಯಾಕೆ?"

"ನನಗಾ? ಕೋಪಾನಾ?"

"ಎರಡು ತಿಂಗಳಿಂದ ಅವನು ತಂದ ತಟ್ಟೆ ದಾಟಿಸ್ತಿದೀಯಂತೆ. ನಮ್ಮೆಜಮಾನರ ಹತ್ತಿರ ಬಂದು ಅತ್ತ. ‘ನನ್ನಿಂದ ಒಬ್ಬಳು ಪ್ರಭುವಿನ ಮೇಜಿನಿಂದ ದೂರ ಆಗ್ತಿದಾಳೆ. ನಾನು ಇಲ್ಲಿಲ್ಲ ಅಂದ್ರೆ ಅವಳು ತಿಂತಾಳೆ,’ ಅಂತ. ತಟ್ಟೆ ಹಿಡಿಯೋ ಕೆಲಸ ಬಿಟ್ಟಿದಾನೆ. ಈ ತಿಂಗಳ ಕೊನೆಗೆ ಅಂಗಡಿ ಖಾಲಿ ಮಾಡಿ ಅವನ ಸೋದರಮಾವನ ಊರಿಗೆ ಹೋಗ್ತಾನಂತೆ."

ಪಾಸ್ಟರಮ್ಮ ಹೋದ ಮೇಲೆ ಅವಳು ಒಲೆಯ ಮುಂದಿನ ಸ್ಟೂಲಿನ ಮೇಲೆ ಕೂತು ಫೋನ್ ತೆಗೆದಳು. ಕೋಚಕ್ಕನಿಗೆ ಬರೆದಳು: ‘ಚರ್ಚಿನಲ್ಲಿ ಕೊಡುವ ರೊಟ್ಟಿ, ಉಗುರಿನಷ್ಟು ಚೂರು, ತಿಂಗಳಿಗೊಂದು ಸಲ. ತಿನ್ನಬಹುದಾ?’

ಉತ್ತರ ತಕ್ಷಣ ಬಂತು. ‘ಒಂದು ಚೂರೂ ಬೇಡ ಡಿಯರ್. ದೇವರು ಅರ್ಥ ಮಾಡ್ಕೋತಾನೆ.’

ಅವಳು ಆ ಸಾಲನ್ನು ಮೂರು ಸಲ ಓದಿದಳು. ಮೊದಲ ಸಲ ಸಮಾಧಾನವಾಯಿತು. ಎರಡನೆಯ ಸಲ ಏನೋ ಚುಚ್ಚಿತು. ಮೂರನೆಯ ಸಲ ಸಿಟ್ಟು ಬಂತು. ಎಂಟು ತಿಂಗಳಲ್ಲಿ ಮೊದಲ ಸಲ ಸಿಟ್ಟು ಬಂದದ್ದು ತನ್ನ ಹೊಟ್ಟೆಯ ಮೇಲಲ್ಲ.

‘ದೇವರ ಪರವಾಗಿ ಮಾತಾಡೋಕೆ ಇವಳು ಯಾರು? ಅವನು ತನ್ನ ಮೇಜಿಗೆ ನನ್ನನ್ನ ಕರೀತಾನೆ, ತಗೋ ಅಂತಾನೆ. ನಾನು ಇವಳ ಅಪ್ಪಣೆ ಕೇಳ್ತಾ ಕೂತಿದೀನಿ. ದಿನಾ ಬೆಳಿಗ್ಗೆ ಎದ್ದು ಇವತ್ತಿನ ಆಹಾರ ಕೊಡಪ್ಪಾ ಅಂತ ಪ್ರಾರ್ಥನೆ ಮಾಡ್ತೀನಿ. ಅವನು ಕೊಡ್ತಾನೆ. ನಾನು ಇಡೀ ದಿನ ಬೇಡ ಬೇಡ ಅಂತ ತಳ್ತೀನಿ. ಥೂ, ಇದೆಂಥ ಬಾಳು.’

ಅವಳು ಗುಂಪಿನಿಂದ ಹೊರಬಂದಳು. ಕೋಚಕ್ಕನ ನಂಬರನ್ನೂ ಅಳಿಸಿದಳು.

ಕಣ್ಣು ಮುಚ್ಚಿ ಮೆಲ್ಲಗೆ ಹೇಳಿದಳು. "ಯೇಸಪ್ಪಾ, ನೀನು ಕೊಟ್ಟ ಈ ಮೈಯನ್ನ ನಾನು ಶತ್ರು ತರ ನೋಡಿದೆ. ಇನ್ನು ಸಾಕು. ನನಗೆ ತಿನ್ನೋಕೆ ಮರೆತುಹೋಗಿದೆ. ನೀನೇ ಕಲಿಸಬೇಕು."

ಮರುದಿನ ಮಧ್ಯಾಹ್ನ ತಕ್ಕಡಿ ಅಂಗಡಿಗೆ ಹೋದಳು. ಅರ್ಧ ಸಾಮಾನು ಪೆಟ್ಟಿಗೆ ಸೇರಿತ್ತು. ಅವನು ಬಟ್ಟುಗಳನ್ನು ಒರೆಸಿ ಬಟ್ಟೆಯಲ್ಲಿ ಸುತ್ತುತ್ತಿದ್ದ.

ಅವಳು ಆ ಗಾಜಿನ ಮೆಷಿನ್ನನ್ನು ಮೇಜಿನ ಮೇಲಿಟ್ಟಳು. ಈ ಸಲ ಮೆಲ್ಲಗೆ.

"ಮತ್ತೆ ಕೆಟ್ಟಿದೆಯಾ?" ಅವನು ಮುಖ ನೋಡದೆ ಕೇಳಿದ.

"ಇಲ್ಲ. ಬಿಟ್ಟು ಹೋಗೋಕೆ ತಂದೆ. ನನಗೆ ಬೇಡ ಇದು." ಅವಳು ಉಸಿರು ಎಳೆದುಕೊಂಡಳು. "ನಾನು ತಟ್ಟೆ ದಾಟಿಸಿದ್ದು ನಿಮ್ಮ ಮೇಲಿನ ಕೋಪಕ್ಕಲ್ಲ."

ಅವನ ಕೈ ನಿಂತಿತು.

"ಮತ್ತೆ?"

"ರೊಟ್ಟಿಗೆ ಹೆದರಿ."

"...ರೊಟ್ಟಿಗೆ?"

"ಹೂಂ. ದಪ್ಪ ಆಗ್ತೀನಿ ಅಂತ." ಹೇಳುವಾಗ ಕಿವಿ ಬಿಸಿಯಾಯಿತು. ಆದರೆ ಈಗ ನಿಲ್ಲಿಸಿದರೆ ಮತ್ತೆ ಹೇಳಲಾಗುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. "ಎರಡು ತಿಂಗಳಲ್ಲ, ಎಂಟು ತಿಂಗಳಿಂದ ತಿಂದಿಲ್ಲ. ತಾತನಿಗೆ ಕಣ್ಣು ಕಾಣ್ತಿರಲಿಲ್ಲ, ನಿಮಗೆ ಕಂಡಿತು, ಅಷ್ಟೇ. ಜಗಳ ಇದ್ದಿದ್ದು ನಿಜ. ಆದರೆ ನಿಮ್ಮ ಜೊತೆ ಅಲ್ಲ, ನನ್ನ ಮೈ ಜೊತೆ. ಮೂರು ವರ್ಷದಿಂದ."

ನಗುತ್ತಾನೇನೋ ಅಂತ ಅವಳು ಕಾದಳು. ಅವನು ನಗಲಿಲ್ಲ.

"ಅಂದ್ರೆ ರೊಟ್ಟಿ ಮಾಡುವಾಗಲೂ ನೀವು ರುಚಿ ನೋಡಲ್ವಾ?"

"ಇಲ್ಲ. ಯಾಕೆ?"

"ಅದಕ್ಕೇ... ಅದರಲ್ಲಿ ಉಪ್ಪೇ ಇರಲ್ಲ."

ಅವಳು ದಂಗಾದಳು. ಅಂಗಡಿಯ ಬ್ರೆಡ್ಡಿಗೆ ಅತ್ತೆ ಉಪ್ಪು ತೂಗಿ ಹಾಕುತ್ತಾಳೆ. ಚರ್ಚಿನ ರೊಟ್ಟಿಗೆ ಮಾತ್ರ ಅಳತೆ ಇಲ್ಲ. ಅಪ್ಪ ಹಸಿ ಹಿಟ್ಟಿನ ಒಂದು ಚಿಟಿಕೆ ನಾಲಿಗೆಗೆ ಇಟ್ಟುಕೊಂಡು, ಉಪ್ಪು ಉದುರಿಸುತ್ತಾ ಹೋಗಿ, ಸಾಕು ಅನ್ನಿಸಿದಾಗ ನಿಲ್ಲಿಸುತ್ತಿದ್ದ. ಅವಳು ನಾಲಿಗೆಗೆ ಇಡುವುದನ್ನು ಬಿಟ್ಟಾಗ ಉಪ್ಪೂ ಬಿಟ್ಟುಹೋಗಿತ್ತು. ಎಂಟು ತಿಂಗಳು ಇಡೀ ಸಭೆಗೆ ಸಪ್ಪೆ ರೊಟ್ಟಿ ತಿನ್ನಿಸಿದ್ದಳು.

"ನಾನು ಬಂದಾಗಿನಿಂದ ಹಾಗೇ ಇತ್ತು," ಅಂದ ಅವನು. "ಈ ಸಭೆಯ ರೂಢಿ ಅಂದ್ಕೊಂಡೆ. ಯಾರನ್ನ ಕೇಳೋದು?"

ಅವಳಿಗೆ ಅಳು ಬಂತು. ಅದರ ಬೆನ್ನಿಗೇ ನಗು. ಅವನೂ ನಕ್ಕ.

"ಮುಂದಿನ ತಿಂಗಳು ನೀವು ತಿಂತೀರಾ?" ಅವನು ಮೆಲ್ಲಗೆ ಕೇಳಿದ. "ನಾನು... ಮೊದಲ ಭಾನುವಾರದ ತನಕ ಇರ್ತೀನಿ."

"ಇರಿ, ಹೋಗಿ, ಅದು ನಿಮ್ಮಿಷ್ಟ. ಆದರೆ ಒಂದು ಮಾತು. ನಾನು ತಿನ್ನೋದು ನಿಮಗೋಸ್ಕರ ಅಲ್ಲ. ಒಬ್ಬ ಗಂಡಸಿನ ಮಾತಿಗೆ ಊಟ ಬಿಟ್ಟೆ. ಇನ್ನೊಬ್ಬ ಗಂಡಸಿನ ಮಾತಿಗೆ ತಿಂದರೆ ಮತ್ತೆ ಅಲ್ಲಿಗೇ ಬಂದ ಹಾಗೆ."

ಅವನು ತಲೆಯಾಡಿಸಿದ. "ಸರಿಯಾದ ಮಾತು," ಅಂದ. ಅವಳು ಹೋದ ಮೇಲೆ ತುಂಬ ಹೊತ್ತು ಬಾಗಿಲನ್ನೇ ನೋಡುತ್ತಾ ಕೂತ.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದಳು.

"ಉಪ್ಪಿಲ್ಲ ಅಂತ ನೀನಾದ್ರೂ ಹೇಳಬಾರದಾ ಅತ್ತೆ?"

"ಅಪ್ಪ ಹೋದ ದುಃಖದಲ್ಲಿ ಮಾಡ್ತಿದಾಳೆ, ಮಗು ಮನಸ್ಸು ನೋಯಿಸಬಾರದು ಅಂತ ಸಭೆಯವರೆಲ್ಲ ಬಾಯಿ ಮುಚ್ಕೊಂಡು ನುಂಗಿದ್ವಿ ಕಣೇ." ಅತ್ತೆ ಕಣ್ಣೊರೆಸಿಕೊಂಡು ದನಿ ಏರಿಸಿದಳು. "ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ನಿನಗೆ ಊಟ ಗೊತ್ತಿಲ್ಲ, ಅವನಿಗೆ ಮಾತು ಗೊತ್ತಿಲ್ಲ. ಒಳ್ಳೇ ಜೋಡಿ."

"ಅತ್ತೆ..."

"ನಾನೇನೂ ಹೇಳಲಿಲ್ಲಪ್ಪ. ನನಗೆ ಕಿವಿ ಕೇಳಲ್ಲ."

ಮೊದಲ ಭಾನುವಾರಕ್ಕೆ ಇನ್ನೂ ಮೂರು ವಾರ ಇತ್ತು. ಅವು ಸುಲಭವಾಗಿದ್ದವು ಅಂತ ನಾನು ಹೇಳಿದರೆ ನನ್ನ ತಕ್ಕಡಿಯೂ ಕೆಟ್ಟಿದೆ ಅಂತ ತಿಳಿಯಿರಿ.

ಮೊದಲ ದಿನ ಒಂದು ತುಂಡು ಬ್ರೆಡ್ ತಟ್ಟೆಯಲ್ಲಿಟ್ಟುಕೊಂಡು ಅರ್ಧ ಗಂಟೆ ನೋಡಿದಳು. ತಿಂದಳು. ಆಕಾಶ ಕಳಚಿ ಬೀಳಲಿಲ್ಲ. ನಾಲ್ಕನೆಯ ದಿನ ಮಾತ್ರ ಅಣೆಕಟ್ಟು ಒಡೆಯಿತು. ನಿಂತ ನಿಲುವಿನಲ್ಲೇ ಆರು ಬನ್ನು ತಿಂದಳು. ಹೊಟ್ಟೆ ಹಿಡಿದುಕೊಂಡು ಅತ್ತಳು. ‘ನೋಡಿದ್ಯಾ, ನಿನ್ನನ್ನ ನಂಬಿದ್ದು ತಪ್ಪಾಯ್ತು’ ಅಂತ ಮೈಗೆ ಬೈದಳು. ನಾಳೆಯಿಂದ ಉಪವಾಸ ಅಂತ ಹಳೆಯ ದನಿ ಒಳಗೆ ಪಿಸುಗುಟ್ಟಿತು.

‘ಇಲ್ಲ,’ ಅಂದಳು ಅವಳು. ‘ಮೂರು ವರ್ಷ ಉಪವಾಸ ಕೆಡವಿದ ಹೊಟ್ಟೆ ಇದು. ಹೆದರಿದೆ, ಪಾಪ. ಮತ್ತೆ ಸಿಗಲ್ಲ ಅಂತ ಬಾಚಿಕೊಂಡಿದೆ. ಇದಕ್ಕೆ ಧೈರ್ಯ ಹೇಳಬೇಕು, ಶಿಕ್ಷೆ ಅಲ್ಲ.’ ಮರುದಿನ ಬೆಳಿಗ್ಗೆ ಪ್ರಾರ್ಥನೆ ಮಾಡಿ, ಅತ್ತೆಯ ಪಕ್ಕ ಕೂತು, ಹೊತ್ತಿಗೆ ಸರಿಯಾಗಿ ತಿಂಡಿ ತಿಂದಳು.

ಊಟಕ್ಕೆ ಮೊದಲು ಎರಡು ನಿಮಿಷ ಹೊಟ್ಟೆಯ ಮೇಲೆ ಕೈಯಿಟ್ಟು ಕೇಳಿಕೊಳ್ಳುವುದನ್ನು ಕಲಿತಳು. ಹಸಿವಾಗಿದೆಯಾ? ಎಷ್ಟು? ಸಾಕಾಯಿತಾ? ಮೊದಮೊದಲು ಉತ್ತರವೇ ಬರಲಿಲ್ಲ. ತಕ್ಕಡಿಯವನು ಹೇಳಿದ ಸೊನ್ನೆಯ ಮಾತು ನೆನಪಾಯಿತು. ದೇವರು ಎಲ್ಲರ ಹೊಟ್ಟೆಯಲ್ಲೂ ಒಂದು ಸೊನ್ನೆ ಇಟ್ಟೇ ಕಳಿಸಿದ್ದಾನೆ. ತಾನು ಅದನ್ನು ನೋಡಲೇ ಇಲ್ಲ, ಮೇಲಿನ ಅಂಕಿಯ ಜೊತೆ ಬಡಿದಾಡಿದ್ದೇ ಬಂತು. ಎರಡನೆಯ ವಾರದ ಒಂದು ಮಧ್ಯಾಹ್ನ, ಅರ್ಧ ಬನ್ನಿಗೇ ಹೊಟ್ಟೆ ತಾನಾಗಿ ಸಾಕು ಅಂದಿತು. ಅವಳು ಉಳಿದರ್ಧವನ್ನು ಪಕ್ಕಕ್ಕಿಟ್ಟು ಮಗುವಿನ ಹಾಗೆ ಅತ್ತೆಯನ್ನು ಕೂಗಿ ಕರೆದಳು.

ಶನಿವಾರ ಬಂತು. ಚರ್ಚಿನ ರೊಟ್ಟಿಗೆ ಹಿಟ್ಟು ನಾದಿದಳು. ಉಪ್ಪಿನ ಡಬ್ಬಿ ಪಕ್ಕದಲ್ಲಿಟ್ಟುಕೊಂಡಳು. ಒಂದು ಚಿಟಿಕೆ ಹಿಟ್ಟು ಎತ್ತಿ ನಾಲಿಗೆಯ ಮೇಲಿಟ್ಟಳು. ಸಪ್ಪೆ. ಉಪ್ಪು ಉದುರಿಸಿ ನಾದಿದಳು. ಮತ್ತೊಂದು ಚಿಟಿಕೆ. ಇನ್ನೂ ಸಾಲದು. ಮತ್ತೆ ನಾದಿದಳು. ಮೂರನೆಯ ಚಿಟಿಕೆಯಲ್ಲಿ ಅಪ್ಪನ ರೊಟ್ಟಿಯ ರುಚಿ ಬಾಯಿಗೆ ಬಂತು. ‘ಬನ್ನು, ಸಾಕು ನಿಲ್ಲಿಸು’ ಅಂತ ಅಪ್ಪ ಪಕ್ಕದಲ್ಲೇ ನಿಂತು ಹೇಳಿದ ಹಾಗಾಯಿತು. ಅವಳು ಹಿಟ್ಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡಳು.

ಮರುದಿನ ಅವಳು ಕಡೆಯ ಬೆಂಚಿಗೆ ಹೋಗಲಿಲ್ಲ. ಎರಡನೆಯ ಸಾಲಿನಲ್ಲಿ, ಅತ್ತೆಯ ಹಿಂದೆಯೇ ಕೂತಳು.

ಪಾಸ್ಟರ್ ರೊಟ್ಟಿ ಮುರಿದರು. ಪಾಸ್ಟರಮ್ಮನ ಕಣ್ಸನ್ನೆಗೋ ಏನೋ, ತಟ್ಟೆಯನ್ನು ತಕ್ಕಡಿಯವನ ಕೈಗೇ ಕೊಟ್ಟರು. ಅವನು ಸಾಲು ಸಾಲಾಗಿ ಬಂದ. ಅವಳ ಮುಂದೆ ನಿಂತ. ಬಟ್ಟುಗಳನ್ನು ಎತ್ತಿ ಎತ್ತಿ ಗಟ್ಟಿಯಾದ ಆ ಕೈ ತಟ್ಟೆಯನ್ನು ಮುಂದೆ ಚಾಚಿತು.

ಅವಳು ಅವನ ಮುಖ ನೋಡಲಿಲ್ಲ. ರೊಟ್ಟಿಯನ್ನು ನೋಡಿದಳು. ‘ಕರೆದಿದ್ದೀಯಲ್ಲ ಯೇಸಪ್ಪಾ, ಬಂದೆ,’ ಅಂದುಕೊಂಡಳು. ಒಂದು ಚೂರು ತೆಗೆದು ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದಳು. ನುಂಗಿದಳು.

ಮುಂದಿನ ಸಾಲಿನಲ್ಲಿ ಅತ್ತೆ ರೊಟ್ಟಿ ತಿಂದು, ತನಗೆ ಕೇಳದಿದ್ದರೆ ಯಾರಿಗೂ ಕೇಳುವುದಿಲ್ಲ ಅಂತ ತಿಳಿದು, ಇಡೀ ಚರ್ಚಿಗೆ ಕೇಳುವ ಹಾಗೆ ಪಿಸುಗುಟ್ಟಿದಳು. "ಉಪ್ಪು ಬಂತು."

ಪಾಸ್ಟರೂ ನಕ್ಕುಬಿಟ್ಟರು. ತಕ್ಕಡಿಯವನು ತಟ್ಟೆಯಲ್ಲಿ ಉಳಿದ ಕೊನೆಯ ಚೂರನ್ನು ತಿಂದು, ತಲೆ ತಗ್ಗಿಸಿ ನಿಂತ.

ಆರಾಧನೆ ಮುಗಿದು ಜನ ಕರಗಿದ ಮೇಲೆ, ಖಾಲಿ ಬೆಂಚುಗಳ ನಡುವೆ ಅವರಿಬ್ಬರೇ ಉಳಿದರು. ಅತ್ತೆ ಯಾರಿಗೂ ಕಾಯದೆ ಮನೆಗೆ ಹೋಗಿದ್ದಳು. ಕಿವಿ ಮಂದವಾದರೂ ಬುದ್ಧಿ ಚುರುಕು.

"ರೊಟ್ಟಿ..." ಅವನು ಶುರು ಮಾಡಿದ.

"ಉಪ್ಪು ಸರಿಯಾಗಿತ್ತು. ಗೊತ್ತು. ನಾನೇ ರುಚಿ ನೋಡಿದೆ."

ಅವನು ಮುಗುಳ್ನಕ್ಕ. ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಬೆಂಚಿನ ಮೇಲೆ ಬಿಟ್ಟುಹೋಗಿದ್ದ ಹಾಡಿನ ಪುಸ್ತಕಗಳನ್ನು ಜೋಡಿಸತೊಡಗಿದ. "ಅಂಗಡೀಲಿ ಕಟ್ಟಿಟ್ಟ ಪೆಟ್ಟಿಗೆ ಎಲ್ಲ ಮತ್ತೆ ಬಿಚ್ಚಬೇಕು. ನಾಲ್ಕು ದಿನದ ಕೆಲಸ."

"ಯಾಕೆ ಬಿಚ್ಚಬೇಕು?"

"ಇಲ್ಲೇ ಇರೋಣ ಅಂತ." ಅವನು ಪುಸ್ತಕ ಕೆಳಗಿಟ್ಟ. "ನನಗೆ ಮಾತು ಬರಲ್ಲ, ನೇರವಾಗಿ ಹೇಳಿಬಿಡ್ತೀನಿ. ನೀವು ಅಂದ್ರೆ ನನಗೆ ಇಷ್ಟ. ಅವತ್ತು ಬೇಕರೀಲಿ ಆ ಸದ್ದಾಯ್ತಲ್ಲ, ಅವತ್ತಿನಿಂದ."

"ಅದು ಮೆಷಿನ್ ಸದ್ದು ಅಂದಿದ್ರಿ."

"ಸುಳ್ಳು. ನಾನು ಜೀವನದಲ್ಲಿ ಒಂದು ಮೆಷಿನ್ ಮೇಲೆ ಹಾಕಿದ ಸುಳ್ಳು ಅದೊಂದೇ."

ಅವಳು ನಕ್ಕಳು. ಆಮೇಲೆ ಗಂಭೀರವಾದಳು. ಇದನ್ನು ಹೇಳದೆ ಮುಂದೆ ಹೋಗಬಾರದು ಅಂತ ಅವಳು ಮೂರು ವಾರದ ಹಿಂದೆಯೇ ತೀರ್ಮಾನಿಸಿದ್ದಳು.

"ಕೇಳಿ. ನಾನು ಮುಂದೆ ದಪ್ಪ ಆಗಬಹುದು, ಸಣ್ಣ ಆಗಬಹುದು, ಹೀಗೇ ಇರಬಹುದು. ನನಗೆ ಗೊತ್ತಿಲ್ಲ, ಇನ್ನು ಲೆಕ್ಕ ಹಾಕೋದೂ ಇಲ್ಲ. ಒಂದೊಂದು ದಿನ ಹಳೇ ಭಯ ಮತ್ತೆ ಬರುತ್ತೆ. ಅವತ್ತು ಅಳ್ತೀನಿ. ಆದರೆ ಊಟ ಬಿಡಲ್ಲ. ಇದು ನಿಮಗೆ ಸರೀನಾ?"

"ನಾನು ದಿನವಿಡೀ ತೂಗೋ ಕೆಲಸ ಮಾಡ್ತೀನಿ. ಮನೇಲೂ ತೂಗೋಕೆ ನನಗೆ ಇಷ್ಟ ಇಲ್ಲ," ಅಂದ ಅವನು.

ಅವಳ ಕಣ್ಣು ತುಂಬಿತು.

"ನನಗೂ ನೀವು ಇಷ್ಟ," ಅಂದಳು. "ಇನ್ನು ಮೇಲೆ ನನ್ನನ್ನ ‘ನೀವು’ ಅನ್ನಬೇಡಿ. ಬನ್ನು ಅನ್ನಿ. ನಮ್ಮಪ್ಪ ಹಾಗೇ ಕರೀತಿದ್ರು."

ಅವನು ಆ ಹೆಸರನ್ನು ಹೇಳುವ ಮುಂಚೆ ಸ್ವಲ್ಪ ತಡೆದ.

"ಬನ್ನು..."

"ಹೂಂ?"

"ಹಸಿವಾಗಿದೆಯಾ?"

ಅವಳು ಹೊಟ್ಟೆಯ ಮೇಲೆ ಕೈಯಿಟ್ಟು ಒಂದು ಕ್ಷಣ ಕೇಳಿಸಿಕೊಂಡಳು. ಅವನು ಅವಸರ ಮಾಡದೆ ಕಾದ.

"ಹೂಂ," ಅಂದಳು. "ಆಗಿದೆ."

"ನಡಿ ಹಾಗಾದ್ರೆ, ಊಟ ಮಾಡೋಣ."